ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದರೆ ವಿಜ್ಞಾನ ಅರ್ಧಂಬರ್ಧ ಆಗುತ್ತದೆಯೇ?

ಪ್ರಶ್ನೆ: ಈಗಷ್ಟೇ ಶಾಲೆ ಮುಗಿಸಿದ್ದೇನೆ. ಜೀವಶಾಸ್ತ್ರ ಅಂದರೆ ಪ್ರಾಣ. ಇತಿಹಾಸವನ್ನೂ ಬಿಡಲು ಮನಸ್ಸಿಲ್ಲ. ಅದಕ್ಕೇ ಲಿಬರಲ್ ಆರ್ಟ್ಸ್ ಪದವಿಯಲ್ಲಿ ಜೀವಶಾಸ್ತ್ರವನ್ನು ಮೇಜರ್ (ಮುಖ್ಯ ವಿಷಯ) ಮಾಡಿಕೊಳ್ಳುವ ಯೋಚನೆ ಇದೆ. ಮನೆಯಲ್ಲಿ ಮಾತ್ರ "ಆರ್ಟ್ಸ್ ಓದಿ ವಿಜ್ಞಾನಿ ಆಗೋದು ಹೇಗೆ?" ಅನ್ನುತ್ತಿದ್ದಾರೆ. ಪಾಠ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ: ನಾನು ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೊದಲು ಆ 'ಆರ್ಟ್ಸ್' ಅನ್ನುವ ಪದದ ಗೊಂದಲ ಬಿಡಿಸೋಣ. ನಾವು ಸೈನ್ಸ್, ಕಾಮರ್ಸ್, ಆರ್ಟ್ಸ್ ಅಂತ ವಿಂಗಡಿಸುತ್ತೇವಲ್ಲ, ಆ ಆರ್ಟ್ಸ್ ಇದಲ್ಲ. ಇದು ಒಂದು ಮುಖ್ಯ ವಿಷಯದ ಜೊತೆ ಬೇರೆ ಬೇರೆ ವಿಷಯಗಳನ್ನೂ ಓದುವ ಪದವಿ. ಮಧ್ಯಯುಗದ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಅಂದರೆ ಏಳು ವಿದ್ಯೆಗಳು: ವ್ಯಾಕರಣ, ತರ್ಕ, ಮಾತಿನ ಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಶಾಸ್ತ್ರ. ಕೊನೆಯ ನಾಲ್ಕೂ ಲೆಕ್ಕಕ್ಕೆ ಸಂಬಂಧಪಟ್ಟವು. ಆಗ ಸಂಗೀತವನ್ನೂ ಅನುಪಾತಗಳ ಲೆಕ್ಕವಾಗಿಯೇ ಕಲಿಸುತ್ತಿದ್ದರು. ಹಾಗಾಗಿ ಈ ಶಿಕ್ಷಣದೊಳಗೆ ವಿಜ್ಞಾನ ಆಮೇಲೆ ಬಂದು ಸೇರಿಕೊಂಡ ನೆಂಟ ಅಲ್ಲ.

ಮನೆಯವರಿಗೆ ಉದಾಹರಣೆ ಬೇಕಿದ್ದರೆ ಇದನ್ನು ತೋರಿಸಿ. ಅಮೆರಿಕದ ಗ್ರಿನೆಲ್ ಎಂಬ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಓದಿದ ಥಾಮಸ್ ಚೆಕ್, ಆರ್‌ಎನ್‌ಎ ಎಂಬ ಜೀವಕೋಶದ ಅಣು ತಾನೇ ಕಿಣ್ವದಂತೆ, ಅಂದರೆ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವಂತೆ, ಕೆಲಸ ಮಾಡಬಲ್ಲದು ಎಂದು ತೋರಿಸಿ 1989ರಲ್ಲಿ ನೊಬೆಲ್ ಪಡೆದರು. ಅದೇ ವರ್ಷ ವೈದ್ಯಕೀಯದ ನೊಬೆಲ್ ಹಂಚಿಕೊಂಡ ಹೆರಾಲ್ಡ್ ವಾರ್ಮಸ್ ಅಂಥದ್ದೇ ಆಮ್ಹರ್ಸ್ಟ್ ಕಾಲೇಜಿನಲ್ಲಿ ಪದವಿಗೆ ಓದಿದ್ದು ಇಂಗ್ಲಿಷ್ ಸಾಹಿತ್ಯ! ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಕೆಲಸಕ್ಕೆ 2020ರಲ್ಲಿ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಕೂಡ ಪೊಮೋನಾ ಎಂಬ ಲಿಬರಲ್ ಆರ್ಟ್ಸ್ ಕಾಲೇಜಿನವರು.

ಅದೇ ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಆದರೆ ಜೀವಶಾಸ್ತ್ರದ ಕೋರ್ಸ್‌ಗಳ ಸಂಖ್ಯೆ ಕಡಿಮೆ ಇರುತ್ತದಲ್ವಾ?

ಉತ್ತರ: ಹೌದು, ಕಡಿಮೆಯೇ. ಬರೀ ಜೀವಶಾಸ್ತ್ರ ಓದುವವರು ನಿಮಗಿಂತ ಜಾಸ್ತಿ ವಿಷಯ ಮುಗಿಸಿರುತ್ತಾರೆ. ಆ ಕೊರತೆಯನ್ನು ಮುಂದೆ ಸ್ನಾತಕೋತ್ತರದಲ್ಲಿ ತುಂಬಿಕೊಳ್ಳಬಹುದು. ತುಂಬಿಕೊಳ್ಳಲು ಕಷ್ಟವಾಗುವುದು ಬೇರೆ.

ನನ್ನದೇ ಕಥೆ ಹೇಳುತ್ತೇನೆ. ನಾನು ಓದಿದ್ದು ಜೀವಶಾಸ್ತ್ರ ಮಾತ್ರ. ಸ್ಟ್ಯಾಟಿಸ್ಟಿಕ್ಸ್ ಕಲಿತಿರಲಿಲ್ಲ. ಮೊದಲ ಕ್ಷೇತ್ರ ಅಧ್ಯಯನದಲ್ಲಿ ಕಾಡಿನ ಸಸಿಗಳನ್ನು ಎಣಿಸಬೇಕಿತ್ತು. ಕಾಲುದಾರಿಯ ಪಕ್ಕದಲ್ಲೇ ಆರು ತಿಂಗಳು ಎಣಿಸಿದೆ, ಅಲ್ಲಿ ನಡೆಯುವುದು ಸುಲಭ ಅಂತ. ದಾರಿಯ ಪಕ್ಕ ಬಿಸಿಲು ಹೆಚ್ಚು ಬೀಳುತ್ತದೆ, ಅಲ್ಲಿನ ಸಸಿಗಳೇ ಬೇರೆ. ನನ್ನ ಅಂಕಿಗಳು ದಾರಿಯ ಬಗ್ಗೆ ಹೇಳಿದವೇ ಹೊರತು ಕಾಡಿನ ಬಗ್ಗೆ ಏನೂ ಹೇಳಲಿಲ್ಲ. ಎಲ್ಲವನ್ನೂ ಬಿಡಬೇಕಾಯಿತು. ಜಾಗಗಳನ್ನು ಚೀಟಿ ಎತ್ತಿದ ಹಾಗೆ ಆರಿಸಬೇಕು ಅನ್ನುವುದು ಸ್ಟ್ಯಾಟಿಸ್ಟಿಕ್ಸ್‌ನ ಮೊದಮೊದಲ ಪಾಠ. ಗಿಡಗಳ ಬಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು. ಎಣಿಸುವುದು ಗೊತ್ತಿರಲಿಲ್ಲ.

ಮೆಂಡೆಲ್‌ಗೆ ಅದು ಗೊತ್ತಿತ್ತು. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಅವರು ವಿಯೆನ್ನಾದಲ್ಲಿ ಸಸ್ಯಶಾಸ್ತ್ರದ ಜೊತೆ ಭೌತಶಾಸ್ತ್ರ, ಗಣಿತ ಓದಿದ್ದರು. ಬಟಾಣಿ ಬೀಜಗಳನ್ನು ಎಣಿಸಿದಾಗ 5474 ದುಂಡಗೆ, 1850 ಸುಕ್ಕು ಸುಕ್ಕು. ಭಾಗಿಸಿ ನೋಡಿ, ಹೆಚ್ಚುಕಡಿಮೆ ಮೂರಕ್ಕೆ ಒಂದು. ತೋಟಗಾರರು ಅಂಥ ಬೀಜಗಳನ್ನು ಮೊದಲಿನಿಂದಲೂ ನೋಡುತ್ತಿದ್ದರು. ಅದರಲ್ಲಿ ಅನುಪಾತ ಹುಡುಕುವ ಕಣ್ಣು ಬಂದದ್ದು ಬೇರೆ ತರಗತಿಗಳಿಂದ ಎಂದೇ ನಾನು ನಂಬುತ್ತೇನೆ. 1866ರಲ್ಲಿ ಅಚ್ಚಾದ ಅವರ ಲೇಖನದ ಬೆಲೆ ಜಗತ್ತಿಗೆ ತಿಳಿಯಲು 1900 ಆಗಬೇಕಾಯಿತು.

ಮತ್ತೊಬ್ಬ ಸದಸ್ಯರು: ಗಣಿತ ಸರಿ. ಇತಿಹಾಸ, ತತ್ವಶಾಸ್ತ್ರದಿಂದ ಲ್ಯಾಬಿನಲ್ಲಿ ಏನು ಉಪಯೋಗ? ಸುಮ್ನೆ ಕ್ರೆಡಿಟ್ ತುಂಬಿಸೋಕೆ ಅನಿಸುತ್ತದೆ.

ಉತ್ತರ: ಹಾಗೆ ತೆಗೆದುಕೊಂಡರೆ ಹಾಗೇ ಆಗುತ್ತದೆ. ಹೀಲಾ ಜೀವಕೋಶಗಳ ಹೆಸರು ಕೇಳಿರುತ್ತೀರಿ. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಕ್ಯಾನ್ಸರ್ ಗೆಡ್ಡೆಯಿಂದ, ಅವರಿಗೆ ತಿಳಿಸದೆ, ಒಪ್ಪಿಗೆ ಕೇಳದೆ ತೆಗೆದ ಕೋಶಗಳು ಅವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಬಳಕೆಯಾದವು. ಇಂದಿಗೂ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಅವರು ಅದೇ ವರ್ಷ ತೀರಿಕೊಂಡರು, ಮನೆಯವರಿಗೆ ಎಷ್ಟೋ ವರ್ಷ ವಿಷಯವೇ ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಪ್ರತಿ ಸಲ ನನಗೆ ಸಂಕಟವಾಗುತ್ತದೆ. ಕೋಶ ಬೆಳೆಸುವ ವಿಧಾನ ಲ್ಯಾಬಿನಲ್ಲಿ ಕಲಿಯಬಹುದು. ಯಾರ ಕೋಶ, ಯಾರು ಕೊಟ್ಟರು ಎಂದು ಕೇಳುವ ಅಭ್ಯಾಸ ಇತಿಹಾಸದ, ನೀತಿಶಾಸ್ತ್ರದ ತರಗತಿಯಲ್ಲಿ ಬರುತ್ತದೆ.

ಅದೇ ಪ್ರಶ್ನೆ ಕೇಳಿದವರು: ಹಾಗಾದರೆ ಕೋರ್ಸ್‌ಗಳನ್ನು ಹೇಗೆ ಆರಿಸಲಿ? ಕೆಮಿಸ್ಟ್ರಿ ಅಂದರೆ ಸ್ವಲ್ಪ ಭಯ.

ಉತ್ತರ: ಕೆಮಿಸ್ಟ್ರಿಯನ್ನು ಮೊದಲ ಸೆಮಿಸ್ಟರ್‌ನಲ್ಲೇ ಶುರುಮಾಡಿ. ಅದು ಮೆಟ್ಟಿಲು ಮೆಟ್ಟಿಲಾಗಿ ಬರುವ ವಿಷಯ. ಸಾಮಾನ್ಯ ಕೆಮಿಸ್ಟ್ರಿ ಇಲ್ಲದೆ ಆರ್ಗ್ಯಾನಿಕ್ ಇಲ್ಲ, ಆರ್ಗ್ಯಾನಿಕ್ ಇಲ್ಲದೆ ಬಯೋಕೆಮಿಸ್ಟ್ರಿ ಇಲ್ಲ. ಆಯ್ಕೆಯ ಸ್ವಾತಂತ್ರ್ಯ ಇದೆ ಅಂತ ಮೂರನೇ ವರ್ಷಕ್ಕೆ ತಳ್ಳಿದ ಒಬ್ಬ ಜಾಣ ವಿದ್ಯಾರ್ಥಿನಿಯನ್ನು ನೋಡಿದ್ದೇನೆ. ಇಷ್ಟಪಟ್ಟ ಕೋರ್ಸ್‌ಗಳ ಬಾಗಿಲು ಅವಳಿಗೆ ಒಂದೊಂದಾಗಿ ಮುಚ್ಚಿತು. ಸ್ಟ್ಯಾಟಿಸ್ಟಿಕ್ಸ್ ಎರಡನೇ ವರ್ಷದೊಳಗೆ ಮುಗಿಯಲಿ. ಇತಿಹಾಸ ಬೇಕೇ ಬೇಕು ಅಂದಿರಲ್ಲ, ಅದರಲ್ಲಿ ವಿಜ್ಞಾನದ ಇಲ್ಲವೇ ರೋಗಗಳ ಇತಿಹಾಸ ಕಲಿಸುವ ಕೋರ್ಸ್ ಇದೆಯೇ ನೋಡಿ. ಎರಡೂ ಇಷ್ಟಗಳು ಅಲ್ಲಿ ಸೇರುತ್ತವೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಲ್ಯಾಬ್ ನೋಡಿ. ಪ್ರಯೋಗವನ್ನು ವಿದ್ಯಾರ್ಥಿಗಳೇ ಕೈಯಾರೆ ಮಾಡುತ್ತಾರಾ? ಕೊನೆಯ ವರ್ಷ ಸ್ವಂತ ಸಂಶೋಧನೆಗೆ ಅವಕಾಶ ಇದೆಯಾ? ಅಲ್ಲಿ ಓದುತ್ತಿರುವವರನ್ನೇ ಕೇಳಿ. ಇನ್ನೊಂದು ಮಾತು. ವೈದ್ಯರಾಗುವ ಆಸೆ ಒಳಗೆಲ್ಲೋ ಇದ್ದರೆ ನಿಮ್ಮ ದೇಶದ ನಿಯಮವನ್ನು ಈಗಲೇ ನೋಡಿಕೊಳ್ಳಿ. ಕೆಲವು ಕಡೆ ಪದವಿಯ ನಂತರ ವೈದ್ಯಕೀಯ, ಕೆಲವು ಕಡೆ ಶಾಲೆ ಮುಗಿದ ತಕ್ಷಣ.

ಮೊದಲ ಸೆಮಿಸ್ಟರ್‌ನ ಕೋರ್ಸ್ ಪಟ್ಟಿ ಕೈಗೆ ಬಂದಾಗ ಇಲ್ಲೇ ಹಾಕಿ. ಒಟ್ಟಿಗೆ ಕೂತು ನೋಡೋಣ.