ಸಹಾಯ ಬೇಕು: 'ಯವನ' ಪದಕ್ಕೆ ಹಳೆಯ ಕನ್ನಡದ ಉದಾಹರಣೆಗಳು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ 'ಯವನ' ಪದದ ಬಗ್ಗೆ ಬರೆಯುತ್ತಿದ್ದೇನೆ. ಮೊದಲು ಇದರ ಅರ್ಥ ಗ್ರೀಕ ಎಂದು; ಇದರ ಮೂಲ ಅಯೋನಿಯನ್ನರ ಹೆಸರು. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ, ಮಿಲೀಟಸ್, ಎಫೆಸಸ್ ಕಡೆ ಇದ್ದ ಗ್ರೀಕರು ಅವರು. ಪರ್ಷಿಯನ್ನರಿಗೆ ಹತ್ತಿರದ ಗ್ರೀಕರು ಇವರೇ. ಹಾಗಾಗಿ ಗ್ರೀಕರೆಲ್ಲ ಅವರ ಬಾಯಲ್ಲಿ 'ಯೌನ' ಆದರು. ಅಶೋಕನ 13ನೇ ಬಂಡೆಶಾಸನ ಪಶ್ಚಿಮ ಏಷ್ಯಾವನ್ನು ಆಳುತ್ತಿದ್ದ ಗ್ರೀಕ್ ದೊರೆ ಆಂಟಿಯೋಕನನ್ನು 'ಯೋನ' ರಾಜ ಅನ್ನುತ್ತದೆ. ನಮ್ಮ ಯುನಾನಿ ವೈದ್ಯದ ಹೆಸರೂ ಇದೇ ಬೇರಿನದು. ಎಷ್ಟು ಚೆಂದ ಅಲ್ವಾ?

ಆಮೇಲೆ ನಮ್ಮಲ್ಲಿ ಮುಸ್ಲಿಮರಿಗೂ ಇದೇ ಪದ ಬಳಕೆಗೆ ಬಂತು. ಮಕ್ಕಳಿಗೆ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಎರಡೂ ಅರ್ಥ ಕಾಣುವ ಹಳೆಯ ಕಾವ್ಯದ ಸಾಲು, ಶಾಸನದ ಭಾಗ ಯಾರಿಗಾದರೂ ಸಿಕ್ಕಿದ್ದರೆ ಪುಟಸಂಖ್ಯೆ ಸಮೇತ ದಯವಿಟ್ಟು ತಿಳಿಸಿ.