ಪ್ರಶ್ನೋತ್ತರ: ವೈದ್ಯರ ಚೀಟಿಯಲ್ಲಿ ಏನು ಬರೆದಿದೆ?

ಫಾರ್ಮಸಿಸ್ಟ್: ಇಂದು ಸಂಜೆ ಔಷಧಚೀಟಿಯ ಬಗ್ಗೆ ಕೇಳಬಹುದು. ಫೋಟೊ ಹಾಕುವವರು ರೋಗಿಯ ಹೆಸರು, ದೂರವಾಣಿ ಸಂಖ್ಯೆ ಮುಚ್ಚಿ ಹಾಕಿ. ರೋಗ ಯಾವುದೆಂದು ನಾನು ಹೇಳುವುದಿಲ್ಲ. ಬರೆದದ್ದನ್ನು ಓದಿ ತಿಳಿಸುತ್ತೇನೆ.

ದಾರಿಹೋಕ: ನಮಸ್ಕಾರ ಮೇಡಂ. ಬಿ.ಡಿ., ಟಿ.ಡಿ.ಎಸ್. ಎಂದೆಲ್ಲ ಬರೆಯುತ್ತಾರಲ್ಲ, ಏನದು?

ಫಾರ್ಮಸಿಸ್ಟ್: ನಮಸ್ಕಾರ. ಒ.ಡಿ. ಅಂದರೆ ದಿನಕ್ಕೊಮ್ಮೆ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ. ಎಚ್.ಎಸ್. ಮಲಗುವ ಹೊತ್ತಿಗೆ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟವಾದ ಮೇಲೆ. 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಇಲ್ಲ. ಎಸ್.ಒ.ಎಸ್. ಅಂದರೆ ತೊಂದರೆಯಾದಾಗ ಮಾತ್ರ. ಹಾಗೆ ಬರೆದಿದ್ದರೆ ದಿನಕ್ಕೆ ಹೆಚ್ಚೆಂದರೆ ಎಷ್ಟು, ನಡುವೆ ಎಷ್ಟು ಗಂಟೆ ಬಿಡಬೇಕು ಎಂದು ಕೇಳಿಕೊಂಡೇ ಎದ್ದು ಬನ್ನಿ. ಕಣ್ಣಿನ ವೈದ್ಯರ ಚೀಟಿಯಲ್ಲಿ ಒ.ಡಿ. ಎಂದರೆ ಬಲಗಣ್ಣು ಎಂದೂ ಆಗಬಹುದು, ಹುಷಾರು.

ನೀಲಿ ಕೊಡೆ: ಅಪ್ಪನಿಗೆ ನುಂಗಲು ಕಷ್ಟ. ಮಾತ್ರೆಯ ಹೆಸರಿನ ಮುಂದೆ ಎಕ್ಸ್.ಆರ್. ಎಂದಿದೆ. ಪುಡಿ ಮಾಡಿ ಕೊಡಬಹುದೇ?

ಫಾರ್ಮಸಿಸ್ಟ್: ಬೇಡ. ಎಕ್ಸ್.ಆರ್., ಎಸ್.ಆರ್., ಇ.ಆರ್. ಇವು ಗಂಟೆಗಟ್ಟಲೆ ನಿಧಾನವಾಗಿ ಔಷಧ ಬಿಡುವ ಮಾತ್ರೆಗಳು. ಪುಡಿ ಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ಮೈಗೆ ಸೇರುತ್ತದೆ. ನುಂಗಲು ಆಗುತ್ತಿಲ್ಲವೆಂದು ವೈದ್ಯರಿಗೆ ತಿಳಿಸಿ, ಬೇರೆ ರೂಪದಲ್ಲಿ ಕೊಡುತ್ತಾರೆ.

ಸಂಪಿಗೆ: ಕಣ್ಣಿಗೆ ಎರಡು ಬಗೆಯ ಹನಿ ಬರೆದಿದ್ದಾರೆ. ಯಾವುದು ಮೊದಲು?

ಮಳೆಹನಿ: ಅಮ್ಮನಿಗೆ ಕೀಲುವಾತ. ಹೊಸ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ 10 ಎಂಜಿ, ಫೋಲಿಕ್ ಆಸಿಡ್ 5 ಎಂಜಿ, ಒಂದು ನೋವಿನ ಮಾತ್ರೆ ಇವೆ. ಮೆಥೊಟ್ರೆಕ್ಸೇಟ್ ಮುಂದೆ ಏನೋ ಗೀಚಿದ್ದಾರೆ, ಓದಲಾಗುತ್ತಿಲ್ಲ. ಬೆಳಗಿನ ಮಾತ್ರೆಗಳ ಜೊತೆಯಲ್ಲೇ ಕೊಡುತ್ತಿದ್ದೇವೆ. ಹತ್ತರ ಸ್ಟ್ರಿಪ್‌ನಲ್ಲಿ ಎರಡು ಉಳಿದಿವೆ. ಮೂರು ದಿನದಿಂದ ಬಾಯೆಲ್ಲ ಹುಣ್ಣು, ನೀರು ಕುಡಿದರೂ ಉರಿ. ಹುಣ್ಣಿಗೆ ಏನು ಹಚ್ಚಲಿ?

ಫಾರ್ಮಸಿಸ್ಟ್: ಮಳೆಹನಿಯವರೇ, ಹಚ್ಚುವ ವಿಷಯ ಆಮೇಲೆ. ಮೆಥೊಟ್ರೆಕ್ಸೇಟ್ ಇನ್ನೊಂದೂ ಕೊಡಬೇಡಿ. ಕೀಲುವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ಕೊಡುವುದು. ನಿಮ್ಮ ಫೋಟೊದಲ್ಲಿ ಆ ಗೀಚಿನ ಕೊನೆಯಲ್ಲಿರುವುದು ‘ವೀಕ್ಲಿ’ ಎಂದು ನನಗೆ ಕಾಣುತ್ತದೆ. ವಾರಕ್ಕೊಂದು ಹೋಗಬೇಕಿದ್ದ ಮಾತ್ರೆ ದಿನಕ್ಕೊಂದರಂತೆ ಎಂಟು ದಿನ ಹೋಗಿದೆ. ಬಾಯಿಹುಣ್ಣು ಅದರ ನಂಜಿನ ಲಕ್ಷಣ.

ಈ ಔಷಧ ಜೀವಕೋಶಗಳ ವಿಭಜನೆಯನ್ನು ತಡೆಯುತ್ತದೆ. ಬೇಗ ಬೇಗ ಬೆಳೆಯುವ ಕೋಶಗಳಿಗೆ ಮೊದಲು ಪೆಟ್ಟು: ಬಾಯಿಯ ಒಳಪದರ, ಕರುಳು, ರಕ್ತ ತಯಾರಾಗುವ ಅಸ್ಥಿಮಜ್ಜೆ. ಬಾಯಿಯದು ನಿಮಗೆ ಕಾಣಿಸುತ್ತಿದೆ, ಮಜ್ಜೆಯದು ಕಾಣುವುದಿಲ್ಲ. ಬಿಳಿ ರಕ್ತಕಣ ಕುಸಿದರೆ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ಇದು ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ಕೆಲವು ನೋವಿನ ಮಾತ್ರೆಗಳು ಅದಕ್ಕೆ ಅಡ್ಡಿಪಡಿಸುತ್ತವೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು.

ಈಗಲೇ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ, ನಾಳೆಗೆ ಬಿಡಬೇಡಿ. ಚೀಟಿ, ಉಳಿದಿರುವ ಸ್ಟ್ರಿಪ್, ನೋವಿನ ಮಾತ್ರೆ ಎಲ್ಲವನ್ನೂ ಒಯ್ಯಿರಿ. ‘ಬಾಯಿಹುಣ್ಣು’ ಎಂದು ಶುರುಮಾಡಬೇಡಿ. ‘ಮೆಥೊಟ್ರೆಕ್ಸೇಟ್ ಎಂಟು ದಿನ ಪ್ರತಿದಿನ ತೆಗೆದುಕೊಂಡಿದ್ದಾರೆ’ ಎಂಬುದೇ ಮೊದಲ ಮಾತಾಗಲಿ. ರಕ್ತಕಣಗಳ ಎಣಿಕೆ, ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ ಮಾಡುತ್ತಾರೆ. ಇದಕ್ಕೆ ಫೋಲಿನಿಕ್ ಆಸಿಡ್ ಎಂಬ ಪ್ರತ್ಯೌಷಧ ಇದೆ. ಮನೆಯಲ್ಲಿರುವ ಫೋಲಿಕ್ ಆಸಿಡ್ ಬೇರೆ, ಅದನ್ನೇ ಹೆಚ್ಚು ಕೊಟ್ಟು ಕೂರಬೇಡಿ. ಜ್ವರ, ಉಸಿರಾಟದ ತೊಂದರೆ ಇದೆಯೇ?

ಹೊಂಗಿರಣ: ಬಾಯಿಹುಣ್ಣಿಗೆ ಜೇನು ಹಚ್ಚಿ ಮೂರು ದಿನ ಎಲ್ಲ ಮಾತ್ರೆ ನಿಲ್ಲಿಸಿದರೆ ಉಷ್ಣ ಇಳಿಯುತ್ತದೆ. ಆಸ್ಪತ್ರೆ ಬೇಕಿಲ್ಲ. ಬಂದ ಸಂದೇಶ, ಎಲ್ಲರಿಗೂ ತಲುಪಿಸಿ.

ಫಾರ್ಮಸಿಸ್ಟ್: ಹೊಂಗಿರಣ, ಇದನ್ನು ಅಳಿಸಿ. ಮೂರು ದಿನ ಕಾದರೆ ಆಕೆ ಸಾಯಬಹುದು. ಇದು ಉಷ್ಣವಲ್ಲ. ಎಲ್ಲ ಮಾತ್ರೆ ನಿಲ್ಲಿಸಿ ಎನ್ನುವ ಸಲಹೆಯನ್ನು ಹೃದ್ರೋಗಿಯೋ ಮೂರ್ಛೆರೋಗಿಯೋ ಓದಿ ಪಾಲಿಸಿದರೆ ಹೊಣೆ ಯಾರದು?

ಮಳೆಹನಿ: ಜ್ವರ ಇಲ್ಲ. ಹೊರಟೆವು.

ನಿವೃತ್ತ ಶಿಕ್ಷಕ: ಓದಲಾಗದಂತೆ ಗೀಚಿದ ವೈದ್ಯರನ್ನು ಯಾರೂ ಕೇಳುವುದಿಲ್ಲವೇ? ವಾರದ ಹೆಸರು ಬರೆಯಲು ಎಷ್ಟು ಹೊತ್ತು ಬೇಕು?

ಬಿಳಿ ಮೋಡ: ನಾನು ನರ್ಸ್. ಅರ್ಥವಾಯಿತೇ ಎಂದರೆ ಎಲ್ಲರೂ ತಲೆಯಾಡಿಸಿ ಹೋಗುತ್ತಾರೆ. ಓದಲಾಗದಿದ್ದರೆ ಕೇಳಬೇಕಿತ್ತು.

ನಿವೃತ್ತ ಶಿಕ್ಷಕ: ಬಾಗಿಲಲ್ಲಿ ಮುಂದಿನವರನ್ನು ಕೂಗುತ್ತಿರುವಾಗ ಕೇಳುವುದು ಹೇಗೆ? ರೋಗಿಯ ಮೇಲೆ ಹಾಕಿ ಕೈತೊಳೆದುಕೊಳ್ಳಬೇಡಿ.

ಬಿಳಿ ಮೋಡ: ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ನೋಡಿ, ಆಮೇಲೆ ಪಾಠ ಹೇಳಿ.

ಫಾರ್ಮಸಿಸ್ಟ್: ಈ ವಿಷಯದಲ್ಲಿ ಶಿಕ್ಷಕರ ಮಾತು ಸರಿ. ‘ಪ್ರತಿ ಸೋಮವಾರ ಮಾತ್ರ’ ಎಂದು ಬಿಡಿಸಿ ಬರೆಯಬೇಕು. ಚೀಟಿ ಸಂಶಯವಾಗಿದ್ದರೆ ನಮ್ಮ ಕಡೆಯವರೂ ವೈದ್ಯರಿಗೆ ಫೋನ್ ಮಾಡದೆ ಮಾತ್ರೆ ಕೊಡಬಾರದು. ಇನ್ನು ಜಗಳ ಸಾಕು.

ಕಾಡುಮಲ್ಲಿಗೆ: ಬಿ.ಡಿ. ಎಂದರೆ?

ಫಾರ್ಮಸಿಸ್ಟ್: ಮೇಲೆ ಬರೆದಿದ್ದೇನೆ.

ಅಲೆಮಾರಿ: ಥೈರಾಯ್ಡ್ ಮಾತ್ರೆ 50 ಎಂಸಿಜಿ ಬರೆದಿದ್ದಾರೆ. 50 ಎಂಜಿ ತಾನೇ?

ಫಾರ್ಮಸಿಸ್ಟ್: ಖಂಡಿತ ಅಲ್ಲ. ಎಂಜಿ ಮಿಲಿಗ್ರಾಂ, ಎಂಸಿಜಿ ಮೈಕ್ರೋಗ್ರಾಂ. ಒಂದು ಎಂಜಿ ಅಂದರೆ ಸಾವಿರ ಎಂಸಿಜಿ. ಸ್ಟ್ರಿಪ್ ಮೇಲೂ ಎಂಸಿಜಿ ಎಂದೇ ಇರಬೇಕು, ನೋಡಿ.

ಅಲೆಮಾರಿ: ಕ್ಯಾಲ್ಸಿಯಂ ಜೊತೆ ತೆಗೆದುಕೊಳ್ಳಬಹುದೇ?

ಫಾರ್ಮಸಿಸ್ಟ್: ನಾಲ್ಕು ಗಂಟೆ ಅಂತರ ಬಿಡಿ. ಕಬ್ಬಿಣದ ಮಾತ್ರೆಗೂ ಅಷ್ಟೇ.

ಹೊಂಗಿರಣ: ಒಳ್ಳೆಯದಕ್ಕೆ ಹಾಕಿದ್ದೆ. ಎಲ್ಲರೆದುರು ಹೀಗೆ ಗದರುವುದು ಸರಿಯಲ್ಲ.

ಬಿಳಿ ಮೋಡ: ಒಳ್ಳೆಯದಕ್ಕಾದರೆ ಓದಿ ಹಾಕಿ.

ನಿವೃತ್ತ ಶಿಕ್ಷಕ: ನಿಮಗೆ ಯಾರೊಂದಿಗೂ ಮೆತ್ತಗೆ ಮಾತನಾಡಲು ಬರುವುದಿಲ್ಲವೇ?

ಮಳೆಹನಿ: ಆಸ್ಪತ್ರೆಯಲ್ಲಿದ್ದೇವೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಕಡಿಮೆ. ದಾಖಲು ಮಾಡಿಕೊಂಡು, ನೀವು ಹೇಳಿದ ಪ್ರತ್ಯೌಷಧವನ್ನೇ ಶುರುಮಾಡಿದ್ದಾರೆ.

ಫಾರ್ಮಸಿಸ್ಟ್: ಸದ್ಯ. ನೋವಿನ ಮಾತ್ರೆ ತೋರಿಸಿದಿರಾ? ಮರೆಯಬೇಡಿ. ಮುಂದೆ ಸೋಂಕಿಗೆ ಯಾರಾದರೂ ಔಷಧ ಬರೆದರೆ ಮೆಥೊಟ್ರೆಕ್ಸೇಟ್ ವಿಷಯ ಹೇಳಿ. ಟ್ರೈಮೆಥೊಪ್ರಿಮ್ ಇರುವ ಮಾತ್ರೆಗಳು ಇದರ ಜೊತೆ ಕೂಡದು.

ಸಂಪಿಗೆ: ನನ್ನ ಕಣ್ಣಿನ ಹನಿಯ ಪ್ರಶ್ನೆ ಹಾಗೇ ಉಳಿದಿದೆ.

ಕಾಡುಮಲ್ಲಿಗೆ: ಹೋದ ಸಲದ ಆ್ಯಂಟಿಬಯೋಟಿಕ್ ನಾಲ್ಕು ಉಳಿದಿವೆ. ಮಗನಿಗೆ ಕೊಡಲೇ?

ಫಾರ್ಮಸಿಸ್ಟ್: ಕೂಡದು.

ಕಾಡುಮಲ್ಲಿಗೆ: ಅದೇ ಕೆಮ್ಮು ಮೇಡಂ.

ಫಾರ್ಮಸಿಸ್ಟ್: ಕೂಡದು ಎಂದೆ.

ದಾರಿಹೋಕ: ಇನ್ನೊಂದು ಪ್ರಶ್ನೆ. ಒಬ್ಬ ವೈದ್ಯರು ಜ್ವರಕ್ಕೆ, ಇನ್ನೊಬ್ಬರು ನೆಗಡಿಗೆ ಬರೆದಿದ್ದಾರೆ. ಎರಡೂ ದಿನಕ್ಕೆ ನಾಲ್ಕು ಸಲ. ಹೆಸರು ಬೇರೆ ಬೇರೆ ಇರುವುದರಿಂದ ತೊಂದರೆಯಿಲ್ಲ ಅಲ್ಲವೇ?

ಫಾರ್ಮಸಿಸ್ಟ್: ದಪ್ಪಕ್ಷರದ ಹೆಸರನ್ನು ನಂಬಬೇಡಿ, ಅದು ಕಂಪನಿ ಇಟ್ಟದ್ದು. ಒಳಗಿರುವ ಔಷಧದ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಅನೇಕ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ದೊಡ್ಡವರಿಗೆ 24 ಗಂಟೆಯಲ್ಲಿ ಎಲ್ಲ ಸೇರಿ 4 ಗ್ರಾಂ ದಾಟುವಂತಿಲ್ಲ, ಯಕೃತ್ತು ಕೆಡುತ್ತದೆ. ತೂಕ ಕಡಿಮೆ ಇರುವವರಿಗೆ, ಮದ್ಯಪಾನ ಮಾಡುವವರಿಗೆ ಮಿತಿ ಇನ್ನೂ ಕಡಿಮೆ. ಇಂದು ಎರಡನ್ನೂ ಒಟ್ಟಿಗೆ ನುಂಗಬೇಡಿ. ಎರಡೂ ಸ್ಟ್ರಿಪ್‌ಗಳ ಹಿಂಬದಿಯಲ್ಲಿರುವುದನ್ನು ಅಕ್ಷರ ಬಿಡದೆ ಇಲ್ಲಿ ಬರೆಯಿರಿ, ಕಾಯುತ್ತಿದ್ದೇನೆ.