ಸಹಾಯ ಬೇಕು: ಟಿಸಿಡಿಯಲ್ಲಿ ಪಿಐ 1.29, ಪೇಷೆಂಟ್ ಉಸಿರು ಹಿಡಿಯಲ್ಲ

ಡಿಮೆನ್ಷಿಯಾ ಕೇಸು, ವಯಸ್ಸು 74, ಬಿಪಿ ಹಳೇದು. ಹಳೇ ಪೇಸ್‌ಮೇಕರ್ ಇರೋದ್ರಿಂದ ಎಂಆರ್‌ಐ ಆಗಲ್ಲ. ಸಿಟಿಯಲ್ಲಿ ಮೆದುಳಿನ ವೆಂಟ್ರಿಕಲ್‌ಗಳ ಸುತ್ತ ಬಿಳಿ ದ್ರವ್ಯ (ವೈಟ್ ಮ್ಯಾಟರ್) ಮಂಕಾಗಿದೆ, ಅಷ್ಟೇ. ಮೆದುಳಿನ ಸಣ್ಣ ರಕ್ತನಾಳಗಳು ಬಿಗಿಯಾಗಿವೆಯಾ ಅಂತ ನೋಡೋಕೆ ಟಿಸಿಡಿ (ತಲೆಬುರುಡೆ ಮೂಲಕ ಅಲ್ಟ್ರಾಸೌಂಡ್ ಹಾಯಿಸಿ ಮೆದುಳಿನ ರಕ್ತದ ವೇಗ ಅಳೆಯೋದು) ಮಾಡಿದ್ದು.

2 ಮೆಗಾಹರ್ಟ್ಸ್ ಪ್ರೋಬ್. ಬಲ ಕಣತಲೆಯಲ್ಲಿ ವಿಂಡೋ (ಅಲ್ಟ್ರಾಸೌಂಡ್ ಹಾಯೋ ತೆಳು ಮೂಳೆಯ ಜಾಗ) ಸಿಗಲೇ ಇಲ್ಲ, ಪವರ್ ಏರಿಸಿದರೂ, ಜೆಲ್ ಸುರಿದರೂ. ಎಡಗಡೆ ಕಿವಿಯ ಮುಂದೆ, ಕೆನ್ನೆಮೂಳೆಗಿಂತ ಮೇಲೆ, 52 ಮಿ.ಮೀ. ಆಳದಲ್ಲಿ ಎಂಸಿಎ (ಮೆದುಳಿನ ಮಧ್ಯ ಧಮನಿ) ಚೆನ್ನಾಗಿ ಬಂತು: ಸಿಸ್ಟೋಲಿಕ್ 78, ಡಯಾಸ್ಟೋಲಿಕ್ 24, ಸರಾಸರಿ 42 ಸೆಂ.ಮೀ./ಸೆ. ವ್ಯತ್ಯಾಸ 54ನ್ನು 42ರಿಂದ ಭಾಗಿಸಿದರೆ ಪಿಐ (ಪಲ್ಸಟಿಲಿಟಿ ಇಂಡೆಕ್ಸ್, ಮುಂದಿನ ಸಣ್ಣ ನಾಳಗಳ ಪ್ರತಿರೋಧದ ಸೂಚಕ) 1.29. ಜಾಸ್ತಿನೇ. ಆದರೆ ಮಹಾಧಮನಿ ಗಡಸಾದರೂ, ನಾಡಿ ನಿಧಾನವಾದರೂ ಪಿಐ ಏರುತ್ತೆ. ಇಲ್ಲಿ ಪೇಸಿಂಗ್ ದರ 60, ಎಕೋದಲ್ಲಿ ವಾಲ್ವ್ ಸೋರಿಕೆ ಇಲ್ಲ.

ಹಾಗಾಗಿ ಉಸಿರು ಹಿಡಿಸಿದೆವು: ಕಾರ್ಬನ್ ಡೈ ಆಕ್ಸೈಡ್ ಏರಿದಾಗ ಚೆನ್ನಾಗಿರೋ ಸಣ್ಣ ನಾಳಗಳು ಹಿಗ್ಗಿ ಎಂಸಿಎ ವೇಗ ಏರಬೇಕು. 30 ಸೆಕೆಂಡ್ ಬೇಕಿತ್ತು, 12ಕ್ಕೇ ಬಿಟ್ಟರು. ಮೊದಲ ಸಲ ಉಸಿರನ್ನು ಜೋರಾಗಿ ಒಳಗೆಳೆದು ತಿಣುಕಿದರು, ವೇಗ ಇಳಿದೇ ಹೋಯ್ತು (ವಾಲ್ಸಾಲ್ವಾ, ಲೆಕ್ಕಕ್ಕಿಲ್ಲ). ಎರಡನೇ ಸಲ ಮಾಮೂಲಿ ಉಸಿರಿನ ನಂತರ ಹಿಡಿಸಿದಾಗ ಸರಾಸರಿ 42ರಿಂದ 45. ಶೇ. 7.1 ಏರಿಕೆ, 12ರಿಂದ ಭಾಗಿಸಿದರೆ ಉಸಿರು ಹಿಡಿಯೋ ಇಂಡೆಕ್ಸ್ 0.6. ಕನಿಷ್ಠ ಮಿತಿ 0.69 ಅಂತ ನೋಡಿದರೆ ಕಡಿಮೆ. ಆದರೆ ಅಷ್ಟರಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿತ್ತೋ ಇಲ್ವೋ ಗೊತ್ತಿಲ್ಲ, ಅದನ್ನು ಉಸಿರಿನಲ್ಲಿ ಅಳೆಯೋ ಕ್ಯಾಪ್ನೋಗ್ರಾಫ್ ಹಾಕಿರಲಿಲ್ಲ.

ಟಿಸಿಡಿ ಮಾಡೋರು ಹೇಳಿ: 12 ಸೆಕೆಂಡಿನ ಈ 0.6ನ್ನು ರಿಪೋರ್ಟಿಗೆ ಹಾಕಬಹುದಾ, ಅಥವಾ ಕ್ಯಾಪ್ನೋಗ್ರಾಫ್ ಇಟ್ಟು ಮಾಸ್ಕಿನಲ್ಲಿ ಶೇ. 5 ಕಾರ್ಬನ್ ಡೈ ಆಕ್ಸೈಡ್ ಕೊಟ್ಟು ಮತ್ತೆ ಮಾಡಲೇಬೇಕಾ? ಮಾಸ್ಕ್ ಕಿತ್ತೆಸೆಯೋ ಪೇಷೆಂಟಿಗೆ ನೀವೇನು ಮಾಡ್ತೀರಿ?